ದೀಪ ಹಚ್ಚಿದ ಮೇಲೆ ಕೇಳಿದ ಉಪ್ಪು

ಆ ದಿನ ಸ್ಕಾಟ್ಲೆಂಡಿನ ಈ ಊರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇದ್ದವರು ಇಷ್ಟು ಜನ: ಕಂಪ್ಲಿಯಿಂದ ಬಂದಿದ್ದ ನನ್ನ ಅತ್ತೆ ಹುಲಿಗೆಮ್ಮ, ಅವರ ಮಗ್ಗುಲಲ್ಲಿ ನಾನು, ನನಗೆ ಒರಗಿಕೊಂಡು ಚಿತ್ರ ಬರೆಯುತ್ತಿದ್ದ ಮಗಳು ಚೈತ್ರಾ, ಸಿರಿಯಾ ದೇಶದ ಗಂಡ ಹೆಂಡತಿ, ಮೀನಿನ ಫ್ಯಾಕ್ಟರಿಯಲ್ಲಿ ದುಡಿಯುವ ಪೋಲೆಂಡಿನ ಒಬ್ಬ ಹುಡುಗಿ. ಬೋರ್ಡಿನ ಮುಂದೆ ನಿಂತು ಇಂಗ್ಲಿಷ್ ಕಲಿಸುತ್ತಿದ್ದವರು ಮೊರಾಗ್, ನಮ್ಮ ಪಕ್ಕದ ಮನೆಯ ಮುದುಕಿ, ನಿವೃತ್ತ ಟೀಚರು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆ. ಕಿಟಕಿಯ ಆಚೆ ಗವ್ವೆನ್ನುವ ಕತ್ತಲೆ. ಬೀದಿ ದೀಪಗಳೆಲ್ಲ ಹತ್ತಿಕೊಂಡಿದ್ದವು. ನಮ್ಮ ಕಡೆ ಆ ಹೊತ್ತಿಗೆ ಬಿಸಿಲು ಇನ್ನೂ ಅಂಗಳ ಬಿಟ್ಟಿರುವುದಿಲ್ಲ.

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು. "ಲೇ ರೇಣುಕಾ, ಈ ಊರ ಸೂರ್ಯಗ ಏನರ ಜಡ್ಡು ಐತೇನು? ಉಣ್ಣೋ ಹೊತ್ತಿಗೆ ಬರ್ತಾನ, ಉಂಡು ಮಲಗಿಬಿಡ್ತಾನ."

ನಾನು ನಗು ತಡೆದುಕೊಂಡೆ. ಮೊರಾಗ್ ಅಷ್ಟರಲ್ಲಿ ಬೋರ್ಡಿನ ಮೇಲೆ ಎರಡು ಶಬ್ದ ಬರೆದಿದ್ದರು. ಒಂದು ಬಾರೋ, ಇನ್ನೊಂದು ಲೆಂಡ್. ಎರಡನ್ನೂ ಬಾಯಿಬಿಟ್ಟು, ತುಟಿ ತೋರಿಸಿ ಹೇಳಿಕೊಟ್ಟರು. "ಬಾರೋ, ಬಾರೋ."

"ಯಾರನ್ನ ಕರೀತಾಳ ಈಕಿ?" ಅತ್ತೆ ಬಾಗಿಲ ಕಡೆ ತಿರುಗಿ ನೋಡಿದರು. ಚೈತ್ರಾ ಬಿದ್ದು ಬಿದ್ದು ನಕ್ಕಳು. ಯಾಕೆ ನಗು ಎಂದು ಮೊರಾಗ್ ಕೇಳಿದಾಗ ಅವಳೇ ಬಿಡಿಸಿ ಹೇಳಿದಳು. ಮೊರಾಗ್ ಕೂಡ ನಕ್ಕರು. ಆಮೇಲೆ ಕೈಯಲ್ಲಿದ್ದ ಪೆನ್ನನ್ನು ಅತ್ತೆಗೆ ಕೊಟ್ಟು, "ನಾನು ಕೊಟ್ಟೆ, ಇದು ಲೆಂಡ್. ನೀವು ತಗೊಂಡಿರಿ, ಇದು ಬಾರೋ" ಎಂದರು. ಪೆನ್ನು ಒಂದೇ, ಕೊಟ್ಟ ಗಳಿಗೆಯೂ ಒಂದೇ. ಆದರೆ ಯಾವ ಕಡೆ ನಿಂತಿದ್ದೀರಿ ಎಂಬುದರ ಮೇಲೆ ಶಬ್ದ ಬದಲಾಗುತ್ತದೆ.

ಹೊಸಪೇಟೆಯಲ್ಲಿ ನರ್ಸುಗಳ ಇಂಗ್ಲಿಷ್ ಪರೀಕ್ಷೆಗೆ ಕೋಚಿಂಗ್ ಹೋಗುತ್ತಿದ್ದಾಗ ನನಗೂ ಇಲ್ಲೇ ಎಡವಟ್ಟಾಗಿತ್ತು. "ಬಾರೋ ಮಿ ಯುವರ್ ಪೆನ್" ಎಂದು ನಾವು ಅಷ್ಟೂ ಜನ ಸಿಸ್ಟರುಗಳು ಹೇಳುತ್ತಿದ್ದೆವು. ಪಾಠ ಹೇಳುವ ಸರ್ ಹಣೆ ಚಚ್ಚಿಕೊಂಡು ವಿವರಿಸಿದ್ದರು. ಲೆಂಡ್ ಶಬ್ದದ ಬೆನ್ನಿಗೆ ಇಬ್ಬರು ನಿಲ್ಲಬಹುದು, ಪಡೆಯುವವನೂ ವಸ್ತುವೂ. 'ಲೆಂಡ್ ಮಿ ಎ ಪೆನ್' ಸರಿ. ಬಾರೋ ಬೆನ್ನಿಗೆ ವಸ್ತು ಮಾತ್ರ. ಕೊಡುವವನು ಬರಬೇಕೆಂದರೆ 'ಫ್ರಮ್' ಎಂಬುದು ಅವನ ಕೈಹಿಡಿದು ಕರೆತರಬೇಕು. ಅದನ್ನು ಉರು ಹೊಡೆದು ಪಾಸಾಗಿ ಈ ಸ್ಕಾಟ್ಲೆಂಡಿಗೆ ಬಂದರೆ, ವಾರ್ಡಿನಲ್ಲಿ ಮೊದಲ ದಿನವೇ ಇಲ್ಲಿಯ ಸಿಸ್ಟರ್ ಒಬ್ಬಳು ನನ್ನ ಹತ್ತಿರ "ಕ್ಯಾನ್ ಐ ಗೆಟ್ ಎ ಲೆಂಡ್ ಆಫ್ ಯುವರ್ ಪೆನ್" ಎಂದಳು. ತೆಗೆದುಕೊಳ್ಳುವವಳ ಬಾಯಲ್ಲಿ ಲೆಂಡ್! ಅದೂ ಕ್ರಿಯಾಪದ ಹೋಗಿ ನಾಮಪದ! ನಮ್ಮ ಸರ್ ಕೇಳಿದ್ದರೆ ಈ ಊರಿಗೇ ಫೇಲ್ ಹಾಕಿರುತ್ತಿದ್ದರು.

ಅತ್ತೆ ಮಾತ್ರ ಪೆನ್ನನ್ನು ಹಿಡಿದುಕೊಂಡೇ ಕೂತಿದ್ದರು. "ಅಕಿಗೆ ಒಂದು ಮಾತು ಕೇಳು. ಹೆಪ್ಪಿಗೆ ಏನಂತಾರ?"

ಈ ಪ್ರಶ್ನೆಯ ಹಿಂದೆ ಏನಿದೆ ಎಂದು ನಿಮಗೆ ಹೇಳಬೇಕಿಲ್ಲ, ಮೊರಾಗ್‌ಗೆ ಹೇಳಬೇಕಾಯಿತು. ಮಲಪನಗುಡಿಯ ನಮ್ಮಜ್ಜಿ ನನಗೆ ಮಾತು ಕಲಿಸಿದವಳು. ಅವಳ ಬಾಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಶಬ್ದ. ಏಣಿ, ಒನಕೆ, ಮದುವೆ ಮನೆಯ ದೊಡ್ಡ ಹಂಡೆ, ಇವು ಎರವಲು. ಕೊಟ್ಟದ್ದೇ ವಾಪಸು ಬರಬೇಕು. ಹಿಟ್ಟು, ಸಕ್ಕರೆ, ಎಣ್ಣೆ, ಇವು ಕಡ. ಕೊಟ್ಟದ್ದು ಉಂಡು ಹೋಗಿರುತ್ತದೆ, ಅಷ್ಟೇ ತೂಕದ ಬೇರೆಯದು ಬರುತ್ತದೆ. ಕಡ ತಂದ ಹಿಟ್ಟನ್ನು ತಿರುಗಿ ಕೊಡುವಾಗ ತುಸು ಒತ್ತಿ ತುಂಬು ಎನ್ನುತ್ತಿದ್ದಳು. ಹೆಪ್ಪು ಮಾತ್ರ ಈ ಎರಡರಲ್ಲಿ ಯಾವುದೂ ಅಲ್ಲ. ಒಂದು ಚಮಚ ಮೊಸರು ಪಕ್ಕದ ಮನೆಗೆ ಹೋಗಿ ಅವರ ಹಾಲಿನಲ್ಲಿ ಕೂತು ಅವರದೇ ಮೊಸರಾಗಿಬಿಡುತ್ತದೆ. ಅದನ್ನು ಯಾರೂ ವಾಪಸು ಕೇಳುವುದಿಲ್ಲ. ಇಂಗ್ಲಿಷು ಕೊಡುವ ಕೈಯೋ ತಗೊಳ್ಳುವ ಕೈಯೋ ಎಂದು ಕೇಳುತ್ತದೆ, ನಮ್ಮಜ್ಜಿಯ ಕನ್ನಡ ಹೇಗೆ ತಿರುಗಿ ಬರುತ್ತದೆ ಎಂದು ಕೇಳುತ್ತಿತ್ತು.

ಮೊರಾಗ್, "ಅದಕ್ಕೆ ನಮ್ಮಲ್ಲಿ ಶಬ್ದ ಇಲ್ಲ. ಸುಮ್ಮನೆ ಕೊಡುತ್ತೇವೆ, ಅಷ್ಟೇ" ಎಂದರು. ಅತ್ತೆಗೆ ಆ ಉತ್ತರ ಹಿಡಿಸಿತು. ಪೆನ್ನು ವಾಪಸು ಕೊಟ್ಟರು.

ಇಲ್ಲಿಗೆ ನಾನು ಬಂದದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ಸಂಡೂರಿನ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ ನನ್ನ ಗಂಡ ತೀರಿಕೊಂಡ ಮೇಲೆ ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಿಕೊಂಡಿದ್ದೆ. ಅಲ್ಲಿದ್ದಾಗ ಈ ದೇಶದ ಆಸ್ಪತ್ರೆಯಿಂದ ಕರೆ ಬಂತು. ಊರು ಸಣ್ಣದು, ಸಮುದ್ರದ ದಂಡೆ, ಸ್ಕಾಟ್ಲೆಂಡಿನ ಬಡಗಣ ತುದಿ. ಒಂದು ಗೋಡೆಯ ಆಚೆ ಈಚೆ ಎರಡು ಸಂಸಾರ ಇರುವಂಥ ಬೂದು ಕಲ್ಲಿನ ಮನೆ ಬಾಡಿಗೆಗೆ ಸಿಕ್ಕಿತು. ಹಂಪಿಯ ಕಲ್ಲು ಬಿಸಿಲಿಗೆ ಕಾದು ಸಂಜೆಯಾದರೂ ಬೆನ್ನಿಗೆ ಬೆಚ್ಚಗೆ ಹತ್ತುತ್ತದೆ. ಇಲ್ಲಿಯ ಕಲ್ಲು ಬೇಸಿಗೆಯಲ್ಲೂ ಒದ್ದೆ. ತುಂತುರು, ಮಂಜು, ಮಂಕು ಮೂರೂ ಸೇರಿದ ದಿನಕ್ಕೆ ಇವರು 'ಡ್ರೀಖ್' ಎನ್ನುತ್ತಾರೆ. ಆ ಶಬ್ದ ನಾನು ಕಲಿತದ್ದು ಬಂದ ಮಾರನೆಯ ದಿನ, ಅದರ ವಿರುದ್ಧ ಪದ ಇನ್ನೂ ಕಲಿತಿಲ್ಲ.

ನಮ್ಮ ಓಣಿಯಲ್ಲಿ ಹೊಸ ಸಂಸಾರ ಇಳಿದರೆ ಸಾಮಾನು ಇಳಿಸುವ ಮೊದಲೇ ನಾಲ್ಕು ಜನ ಬಂದು ಯಾವೂರು, ಏನು, ಎಷ್ಟು ಮಕ್ಕಳು ಎಂದು ಜೀವ ತಿನ್ನುತ್ತಾರೆ. ಅದೇ ಒಂದು ಕಿರಿಕಿರಿ ಎಂದುಕೊಂಡಿದ್ದೆ. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಬಾಗಿಲುಗಳು ಮುಚ್ಚಿಯೇ ಇದ್ದವು. ಎದುರಿಗೆ ಸಿಕ್ಕವರು ಹವೆಯ ಬಗ್ಗೆ ಒಂದು ಮಾತಾಡಿ ಮುಂದೆ ಹೋದರು. ಜೋಳದ ಹಿಟ್ಟು ತರಬೇಕೆಂದರೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ತಂದ ಹಿಟ್ಟು ಹಳೆಯದು, ರೊಟ್ಟಿ ತಟ್ಟಿದರೆ ಬಿರುಕು. ಒಮ್ಮೆ ಆ ಬಿರುಕು ಬಿಟ್ಟ ರೊಟ್ಟಿ ಮುಂದೆ ಕೂತು ಅತ್ತುಬಿಟ್ಟೆ. ಚೈತ್ರಾ ಬಂದು "ಅವ್ವಾ, ಬ್ರೆಡ್ಡು ತಿನ್ನೋಣ ಬಿಡು" ಎಂದಳು.

ಇದೆಲ್ಲ ತಡೆಯಬಹುದಿತ್ತು. ತಡೆಯಲಾಗದ್ದು ಬೆಳಗಿನ ಡ್ಯೂಟಿ. ನನ್ನ ಪಾಳಿ ಏಳಕ್ಕೆ ಶುರು, ಶಾಲೆ ತೆರೆಯುವುದು ಒಂಬತ್ತಕ್ಕೆ. ನಡುವಿನ ಹೊತ್ತು ಮಗುವನ್ನು ಯಾರ ಕೈಗೆ ಕೊಡುವುದು? ಒಂಟಿಯಾಗಿ ಬಿಟ್ಟರೆ ಇಲ್ಲಿ ಅಪರಾಧ. ಪಾಳಿ ಮಾಡದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಮಗಳನ್ನು ಹತ್ತಿರ ಇಟ್ಟುಕೊಂಡು ಬದುಕುತ್ತೇನೆ ಎಂದು ಕಂಪ್ಲಿಯಲ್ಲಿ ಎಲ್ಲರ ಎದುರು ಹಟ ಹಿಡಿದು ಬಂದವಳು ನಾನು. "ಕೂಸನ್ನ ಇಲ್ಲೇ ಬಿಟ್ಟು ಹೋಗು, ನಾವು ಇಲ್ಲೇನು?" ಎಂದು ಭಾವನವರು ಹೇಳಿದಾಗ ಸಿಟ್ಟು ಮಾಡಿದ್ದೆ.

ಗೋಡೆಯ ಆಚೆಯ ಮೊರಾಗ್ ಒಂದು ದಿನ ತಾವಾಗಿ ಬಾಗಿಲು ತಟ್ಟಿದರು. "ಬೇರ್ನ್‌ನ ಬೆಳಿಗ್ಗೆ ಯಾರು ನೋಡಿಕೊಳ್ಳುತ್ತಾರೆ?" ಬೇರ್ನ್ ಎಂದರೆ ಇಲ್ಲಿಯ ಮಾತಿನಲ್ಲಿ ಮಗು. ಯಾರೂ ಇಲ್ಲ ಎಂದೆ. "ಹಾಗಾದರೆ ನಾನು" ಎಂದರು. ಅಷ್ಟೇ ಮಾತು. ಅಂದಿನಿಂದ ಚೈತ್ರಾ ಬೆಳಿಗ್ಗೆ ಅವರ ಮನೆಯಲ್ಲಿ ಗಂಜಿ ಕುಡಿದು, ಅವರ ಕೈಹಿಡಿದು ಶಾಲೆಗೆ ಹೋಗತೊಡಗಿದಳು. ಇಲ್ಲಿಯ ಮಕ್ಕಳ ಹಾಗೆ 'ಚಿಕ್ಕ' ಎನ್ನುವಲ್ಲೆಲ್ಲ 'ವೀ' ಎನ್ನತೊಡಗಿದಳು. ಮೊರಾಗ್ ಕಲಿಸಿದ್ದು.

ಚಳಿಗಾಲಕ್ಕೆ ಮೊದಲು ಅತ್ತೆ ಬಂದರು. ನೋಡಿ ಹೋಗಲು ಬರುವವರಿಗೆ ಆರು ತಿಂಗಳು ಇರಲು ಬಿಡುತ್ತಾರೆ. ಬಂದವರೇ ಶೇಂಗಾ ಚಟ್ನಿ, ಕಮಲಾಪುರದ ಸಂತೆಯಲ್ಲಿ ಕೊಂಡ ಬೆಲ್ಲ, ಹುಲಿಗೆಮ್ಮ ದೇವಿಯ ಫೋಟೋ ಹೊರತೆಗೆದರು. ಫೋಟೋ ಅಡುಗೆ ಮನೆಯ ಕಪಾಟಿನ ಮೇಲೆ ಕೂತಿತು. ಕತ್ತಲಾಗುತ್ತಲೇ ಅದರ ಮುಂದೆ ದೀಪ. ಕತ್ತಲಾಗುವುದು ದಿನ ಕಳೆದಂತೆ ಹಿಂದೆ ಹಿಂದೆ ಸರಿದು, ಕೊನೆಗೆ ಚೈತ್ರಾ ಶಾಲೆ ಮುಗಿಸಿ ಬರುವ ಹೊತ್ತಿಗೇ ದೀಪ ಉರಿಯುತ್ತಿರುತ್ತಿತ್ತು.

ಮೊರಾಗ್‌ಗೂ ಅತ್ತೆಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ಅಡುಗೆ ಮನೆಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರು. ಅತ್ತೆ ಮಿರ್ಚಿ ಬಜ್ಜಿ ಮಾಡಿದರೆ ಮೊರಾಗ್ ಕಣ್ಣೀರು ಸುರಿಸಿಕೊಂಡು ತಿನ್ನುತ್ತಿದ್ದರು. "ತಿನ್ರಿ ತಿನ್ರಿ, ನೆಗಡಿ ಹೋಕ್ಕೈತಿ" ಎಂದು ಅತ್ತೆ ಇನ್ನೊಂದು ಹಾಕುವರು. ಅತ್ತೆಯನ್ನು ಗ್ರಂಥಾಲಯದ ಇಂಗ್ಲಿಷ್ ಪಾಠಕ್ಕೆ ಎಳೆದುಕೊಂಡು ಹೋದವರೂ ಅವರೇ. "ಅಕಿ ಹುಚ್ಚಿ. ನಾ ಯಾವ ಕಾಲಕ್ಕ ಇಂಗ್ಲಿಷ್ ಮಾತಾಡ್ಲಿ" ಎಂದು ಬೈಯುತ್ತಲೇ ಅತ್ತೆ ಒಂದು ಪಾಠವನ್ನೂ ತಪ್ಪಿಸಲಿಲ್ಲ.

ಬಾರೋ, ಲೆಂಡ್ ಕಲಿತ ಮೂರು ನಾಲ್ಕು ದಿನಕ್ಕೆ ಹಿಮ ಬಿದ್ದು, ಅದು ಕರಗಿ, ಮತ್ತೆ ಹೆಪ್ಪುಗಟ್ಟಿತು. ಇಲ್ಲಿಯ ಜನ ಹಿಮಕ್ಕೆ ಹೆದರುವುದಿಲ್ಲ, ಈ ಕಾಣದ ಮಂಜುಗಡ್ಡೆಗೆ ಹೆದರುತ್ತಾರೆ. ಅದಕ್ಕೆ ಮನೆ ಮುಂದಿನ ಮೆಟ್ಟಿಲಿಗೆ ಉಪ್ಪು ಎರಚುತ್ತಾರೆ. ಉಪ್ಪು ಬಿದ್ದಲ್ಲಿ ಮಂಜು ಕಟ್ಟುವುದಿಲ್ಲ. ಅನ್ನಕ್ಕೆ ಹಾಕುವ ಉಪ್ಪನ್ನು ತುಳಿಯಲು ಸುರಿಯುವುದನ್ನು ನಾನು ಮೊದಲು ನೋಡಿದಾಗ ತುಳಿಯದೆ ದಾಟಿ ಹೋಗಿದ್ದೆ. ಅತ್ತೆಗೆ ಅದನ್ನು ಯಾರೂ ಹೇಳಿರಲಿಲ್ಲ.

ಆ ದಿನ ನನ್ನದು ಮಧ್ಯಾಹ್ನದ ಪಾಳಿ. ಮುಂದಿನದನ್ನು ನನಗೆ ಹೇಳಿದವಳು ಚೈತ್ರಾ. ಅಜ್ಜಿ ದೀಪ ಹಚ್ಚಿ ಕೈಮುಗಿದು ಇನ್ನೂ ತಿರುಗಿರಲಿಲ್ಲ, ಬಾಗಿಲು ಸದ್ದಾಯಿತು. ಮೊರಾಗ್ ಕೈಯಲ್ಲಿ ಒಂದು ಬಟ್ಟಲು. ಮನೆಯಲ್ಲಿ ಉಪ್ಪು ಮುಗಿದಿತ್ತಂತೆ. ಅಂಗಡಿಗೆ ಹೋಗಲು ದಾರಿ ಜಾರು. ಅವರು ನೆಟ್ಟಗೆ ನಿಂತು, ಪಾಠದಲ್ಲಿ ಹೇಳುವ ಹಾಗೆ ನಿಧಾನವಾಗಿ, ಮುಖದ ತುಂಬ ನಗು ಇಟ್ಟುಕೊಂಡು ಕೇಳಿದರು: "ಹುಲಿಗೆಮ್ಮ, ಮೇ ಐ ಬಾರೋ ಸಮ್ ಸಾಲ್ಟ್?"

ಅತ್ತೆಗೆ ಅರ್ಥವಾಯಿತು. ಇದನ್ನು ನಾನು ಒತ್ತಿ ಹೇಳುತ್ತೇನೆ. ಒಂದೊಂದು ಶಬ್ದವೂ ಅರ್ಥವಾಯಿತು. ಅರ್ಥವಾದದ್ದಕ್ಕೇ ಅವರು ಬಟ್ಟಲಿಗೆ ಕೈ ಚಾಚಲಿಲ್ಲ. ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಸೂಜಿ, ಸುಣ್ಣ ಹೊಸ್ತಿಲು ದಾಟಬಾರದು. ಹುಟ್ಟಿದಾಗಿನಿಂದ ಅವರು ಅದನ್ನು ಮೀರಿದವರಲ್ಲ. ಅದರಲ್ಲೂ ಉಪ್ಪು ಸಾಕ್ಷಾತ್ ಲಕ್ಷ್ಮಿ. ಮಗ ಹೋದ ಮನೆ, ಸೊಸೆ ಪರದೇಶದಲ್ಲಿ ಒಂಟಿಯಾಗಿ ಕಟ್ಟಿಕೊಳ್ಳುತ್ತಿರುವ ಮನೆ. ಅಲ್ಲಿಂದ ಲಕ್ಷ್ಮಿಯನ್ನು ಎತ್ತಿ ಹೊರಗೆ ಕೊಡುವುದೆಂದರೆ?

ಎರಡೂ ಕೈ ಜೋಡಿಸಿ "ನೋ. ಟುಮಾರೋ" ಎಂದರು.

"ಅಜ್ಜಿ, ಪಾಪ, ಕೊಡಬೇ" ಎಂದು ಚೈತ್ರಾ ಹೇಳಿದಳಂತೆ.

"ನೀ ಸುಮ್ನಿರು. ದೀಪ ಹಚ್ಚೇನಿ. ಬೆಳಗಾಗ್ಲಿ, ಸೇರು ಉಪ್ಪು ಬೇಕಾದ್ರೂ ಕೊಡ್ತೀನಿ. ಅಕಿ ನನ್ನ ಒಡಹುಟ್ಟಿದಾಕಿ ಇದ್ದಂಗ."

ಮೊರಾಗ್‌ಗೆ ಕೊನೆಯ ಮಾತು ತಿಳಿಯಲಿಲ್ಲ, ಮೊದಲನೆಯದು ತಿಳಿಯಿತು. "ನಾಟ್ ಟು ವರಿ" ಎಂದು ಖಾಲಿ ಬಟ್ಟಲು ಹಿಡಿದು ಹೋದರು.

ನಾನು ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳು ಮಲಗಿದ್ದರು. ಮರುದಿನ ಬೆಳಗಿನ ಪಾಳಿ, ಅವರು ಏಳುವ ಮೊದಲೇ ಹೊರಟೆ. ಎಂಟೂವರೆಗೆ ಇನ್ನೂ ಕತ್ತಲೆ. ಅತ್ತೆ ಬಂದ ಮೇಲೂ ಬಿಡದ ರೂಢಿಯಂತೆ ಚೈತ್ರಾಳನ್ನು ಶಾಲೆಗೆ ಕರೆದೊಯ್ಯಲು ಹೊರಟ ಮೊರಾಗ್ ತಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಸೊಂಟದ ಕೀಲು ಮುರಿಯಿತು. ಸದ್ದು ಕೇಳಿ ಅತ್ತೆ ಬರಿಗಾಲಲ್ಲಿ ಓಡಿ, ಊರಿನಿಂದ ತಂದ ಕೌದಿಯನ್ನು ಹೊದಿಸಿ, ಆ ಮಂಜಿನ ಮೇಲೇ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆಂಬ್ಯುಲೆನ್ಸಿಗೆ ಫೋನ್ ಮಾಡಿದವಳು ಚೈತ್ರಾ.

ನಾನು ಅವರನ್ನು ನೋಡಿದ್ದು ನನ್ನದೇ ಆಸ್ಪತ್ರೆಯಲ್ಲಿ. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಅವರು ನನ್ನ ಕೈಹಿಡಿದು ಹೇಳಿದರು: "ಉಪ್ಪು ಕೇಳೋಕೆ ಬಂದಿದ್ದೆ, ರೇಣುಕಾ. ನಾನು ಕೇಳಿದರೆ ಆಕೆಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆ. ಪಾಠದಲ್ಲಿ ಕಲಿತ ಮಾತು ಅಲ್ಲವಾ."

ಆ ಸಂಜೆ ಅತ್ತೆಯನ್ನು ಕರೆದುಕೊಂಡು ಹೋದೆ. ಅವರು ಹಾಸಿಗೆಯ ಪಕ್ಕ ನಿಂತು ಕನ್ನಡದಲ್ಲೇ ಎಲ್ಲ ಹೇಳಿದರು. ದೀಪ, ಲಕ್ಷ್ಮಿ, ಹೊಸ್ತಿಲು. "ಮೆಟ್ಲಿಗೆ ಹಾಕಾಕಂತ ನಂಗೇನ್ ಗೊತ್ತು? ಸಾರಿಗೆ ಅಂದ್ಕೊಂಡೆ. ಒಂದು ದಿನ ಸಪ್ಪಗ ಉಂಡ್ರ ಸಾಯ್ತಾರೇನು ಅಂದ್ಕೊಂಡೆ." ನಾನು ಇಂಗ್ಲಿಷಿಗೆ ತಿರುಗಿಸಿದೆ. ತಿರುಗಿಸುತ್ತಾ ಹೋದಂತೆ ನನ್ನ ಕಿವಿಗೇ ಅದು ಬರೀ ನೆಪದಂತೆ ಕೇಳತೊಡಗಿತು. ಕಂಪ್ಲಿಯಲ್ಲಿ ಈ ಕಟ್ಟಳೆಯಿಂದ ಯಾರಿಗೂ ತೊಂದರೆ ಆದದ್ದನ್ನು ನಾನು ಕಾಣೆ. ಕೊಡುವವರಿಗೆ ಗೊತ್ತಿದ್ದಷ್ಟೇ ಕೇಳುವವರಿಗೂ ಗೊತ್ತಿರುತ್ತದೆ, ಹೊತ್ತು ಮುಳುಗುವ ಮೊದಲೇ ಬಂದು ಒಯ್ಯುತ್ತಾರೆ. ಅಲ್ಲಿ ಹೊತ್ತು ಮುಳುಗಲು ದಿನವೆಲ್ಲ ಇದೆ.

ಮೊರಾಗ್ ಪೂರ್ತಿ ಕೇಳಿ ಕಣ್ಣು ಮುಚ್ಚಿದರು. "ಮೊದಲೇ ಹೇಳಿದ್ದರೆ ಎರಡು ಗಂಟೆಗೇ ಬಂದು ಕೇಳುತ್ತಿದ್ದೆ" ಎಂದರು. ಅದರಲ್ಲಿ ಕುಹಕ ಇರಲಿಲ್ಲ. ಅದಕ್ಕೇ ಅದು ಇಂದಿಗೂ ಒಳಗೆ ಕೊರೆಯುತ್ತದೆ.

ಅವರ ಮಗ ದಕ್ಷಿಣದ ಒಂದು ದೊಡ್ಡ ನಗರದಿಂದ ಬಂದ. ಒಳ್ಳೆಯ ಮನುಷ್ಯನೇ, ದನಿ ಎತ್ತಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, "ಒಂದು ವರ್ಷ ಅಮ್ಮ ನಿಮ್ಮ ಮಗಳನ್ನು ನೋಡಿಕೊಂಡಳು. ಆಕೆ ಕೇಳಿದ್ದು ಉಪ್ಪು" ಎಂದ. ಬಾರೋ, ಲೆಂಡ್, ಫ್ರಮ್, ಟು, ಎಲ್ಲ ಸರಿಯಾಗಿ ಜೋಡಿಸಿ ಪರೀಕ್ಷೆ ಪಾಸು ಮಾಡಿದ ನನಗೆ ಒಂದು ವಾಕ್ಯ ಬರಲಿಲ್ಲ. ಅವನು ತಾಯಿಯನ್ನು ತನ್ನ ಊರಿಗೆ ಕರೆದೊಯ್ದ. ಪಕ್ಕದ ಮನೆಗೆ ಬೀಗ ಬಿತ್ತು, ಆಮೇಲೆ ಮಾರಾಟದ ಬೋರ್ಡು ಬಿತ್ತು.

ಅತ್ತೆಯ ಆರು ತಿಂಗಳು ಮುಗಿಯುತ್ತ ಬಂತು. ಪಾಳಿ ಬದಲಿಸಿ ಎಂದು ಕೇಳಿದೆ, ಆಗುವುದಿಲ್ಲ ಎಂದರು. ಅಷ್ಟು ಬೆಳಿಗ್ಗೆ ಮಗು ನೋಡುವವರು ಈ ಸಣ್ಣ ಊರಿನಲ್ಲಿ ಯಾರೂ ಸಿಗಲಿಲ್ಲ. ಶಾಲೆಯ ಗೇಟಿನಲ್ಲಿ ಪರಿಚಯವಾದ ಇಬ್ಬರು ತಾಯಂದಿರನ್ನು ಬಾಯಿಬಿಟ್ಟು ಕೇಳಿದೆ. ನಯವಾಗಿ ಇಲ್ಲ ಎಂದರು. ಉಪ್ಪಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತೋ ಏನೋ. ಸಣ್ಣ ಊರು ಎಲ್ಲಾ ಕಡೆ ಸಣ್ಣ ಊರೇ.

ಒಂದು ದಿನ ಅತ್ತೆ ಚೈತ್ರಾಳ ಬಟ್ಟೆಗಳನ್ನು ಮಡಚಿ ತಮ್ಮ ಪೆಟ್ಟಿಗೆಗೆ ಇಡುತ್ತಿದ್ದುದನ್ನು ನೋಡಿದೆ.

"ಅತ್ತೀ, ಏನ್ ಮಾಡಾಕತ್ತೀರಿ?"

"ನಿನ್ನ ಬಾಯಲ್ಲಿ ಅದು ಬರಾಂಗಿಲ್ಲ. ಅದಕ್ಕ ನಾನ ಮಾಡಾಕತ್ತೀನಿ." ಅವರು ತಲೆ ಎತ್ತಲಿಲ್ಲ. "ಕೂಸು ನನ್ನ ಸಂಗಾಟ ಬರ್ಲಿ. ನಿನ್ನ ನೌಕರಿ ಉಳೀಲಿ."

"ಎಷ್ಟು ದಿನ?"

"ನಾನೇನು ಇಟ್ಕೊಳ್ಳಾಕ ಒಯ್ಯಾಕತ್ತೀನೇನು?" ಎಂದರು. ಸ್ವೆಟರೊಂದನ್ನು ಮತ್ತೆ ಮತ್ತೆ ಮಡಚುತ್ತ, "ನಾ ಒಂದು ಹಿಡಿ ಉಪ್ಪು ಉಳಿಸಿದೆ, ನೋಡವ್ವಾ" ಎಂದರು.

ವಿಮಾನ ನಿಲ್ದಾಣದಲ್ಲಿ ಚೈತ್ರಾ ನನ್ನ ಕೊರಳು ಬಿಡಲಿಲ್ಲ. ಬಿಡಿಸಿದವರು ಅತ್ತೆ. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮಜ್ಜಿಯ ಶಬ್ದಗಳು ತಲೆಯಲ್ಲಿ ಸುತ್ತುತ್ತಿದ್ದವು. ಕೊಟ್ಟದ್ದೇ ತಿರುಗಿ ಬರುವ ಎರವಲು ಇದು ಎಂದು ನಾನು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಆದರೆ ಮಕ್ಕಳು ಏಣಿಯಲ್ಲ, ಹಂಡೆಯಲ್ಲ. ಬಿಟ್ಟಲ್ಲಿ ಬೆಳೆಯುತ್ತವೆ. ಬಿಟ್ಟ ಮನೆಯ ಹಾಲಿನಲ್ಲಿ ಹೆಪ್ಪಿನಂತೆ ಕೂತುಬಿಡುತ್ತವೆ.

ಈಗ ಇನ್ನೊಂದು ಚಳಿಗಾಲ. ಪಕ್ಕದ ಮನೆಗೆ ಯಾರೋ ಹರೆಯದ ಗಂಡ ಹೆಂಡತಿ ಬಂದಿದ್ದಾರೆ, ಹವೆಯ ಬಗ್ಗೆ ಒಂದು ಮಾತಾಡುತ್ತಾರೆ. ಮೂರೂವರೆಗೆ ಕತ್ತಲಾಗುವಾಗ ನಾನು ದೀಪ ಹಚ್ಚುತ್ತೇನೆ. ಹಚ್ಚಿ, ಉಪ್ಪಿನ ಚೀಲ ಎತ್ತಿಕೊಂಡು ಹೊಸ್ತಿಲು ದಾಟಿ, ನನ್ನ ಮೆಟ್ಟಿಲಿಗೂ ಅವರ ಮೆಟ್ಟಿಲಿಗೂ ಎರಚುತ್ತೇನೆ. ಪ್ರತಿ ಸಲವೂ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಕಂಪ್ಲಿಯವರು ನೋಡಿದರೆ ಬಾಯಿಗೆ ಕೈ ಇಟ್ಟುಕೊಂಡಾರು. ಇಲ್ಲಿಯವರಿಗೆ ನಾನು ಉಪ್ಪು ಹಾಕುತ್ತೇನೆ ಎಂಬುದೇ ಗೊತ್ತಿಲ್ಲ, ತಮ್ಮ ಮೆಟ್ಟಿಲಿನಲ್ಲಿ ಮಂಜು ಕಟ್ಟಲಿಲ್ಲ ಎಂದಷ್ಟೇ ಗೊತ್ತು.

ಹೋದ ವಾರ ರಜೆ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ವಿಡಿಯೋ ಕಾಲ್ ಮಾಡಿದೆ. ಕಂಪ್ಲಿಯಲ್ಲಿ ಅದು ದೀಪ ಹಚ್ಚುವ ಹೊತ್ತು. ಚೈತ್ರಾ ಫೋನನ್ನು ದೇವರ ಗೂಡಿನ ಎದುರಿನ ಗೋಡೆಗೆ ಆನಿಸಿ ಶಾಲೆಯ ಸುದ್ದಿ ಹೇಳುತ್ತಿದ್ದಳು. ಈಗ ಅವಳು 'ವೀ' ಎನ್ನುವುದಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸಿನ ದನಿ ಕೇಳಿತು. ಹಿಂದಿನ ಓಣಿಗೆ ಹೊಸದಾಗಿ ಬಂದವಳಂತೆ, ಗಂಡ ಒಡಿಶಾದಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವನು. ಮುರಿದ ಕನ್ನಡದಲ್ಲಿ ಕೇಳಿದಳು: "ಪಾಪಾ, ಉಪ್ಪು... ಸ್ವಲ್ಪ ಕೊಡ್ತಿ?"

ಚೈತ್ರಾ ತಿರುಗಿ ನೋಡಿದಳು. "ಇಲ್ರಿ, ದೀಪ ಹಚ್ಚೈತಿ. ಈಗ ಕೊಡಂಗಿಲ್ಲ. ನಾಳಿ ಬರ್ರಿ" ಎಂದಳು. ಅಚ್ಚ ಕಂಪ್ಲಿಯ ಮಾತು.

ಒಳಗಿನಿಂದ ಅತ್ತೆಯ ದನಿ ಬಂತು. "ಚೈತ್ರಾ, ಕೊಡು."

"ಅಜ್ಜಿ, ದೀಪ..."

"ನಾನ ಹಚ್ಚೀನಿ, ನಂಗ ಗೊತ್ತೈತಿ. ಡಬ್ಬಿ ಸಮೇತ ಕೊಟ್ಟು ಬಾ."

ಚೈತ್ರಾ ಏನು ಮಾಡಲಿ ಎಂಬಂತೆ ಫೋನಿನಲ್ಲಿ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಉಪ್ಪಿನ ಡಬ್ಬಿ ತೆಗೆದುಕೊಂಡು ಬಾಗಿಲಿಗೆ ಹೋದಳು. ಅವಳು ತಿರುಗಿ ಬರುವತನಕ ನನ್ನ ಫೋನಿನಲ್ಲಿ ದೀಪವೊಂದೇ ಕಾಣುತ್ತಿತ್ತು.